ಈಜು ಬಾರದವಳು ಓದಿದ ಅಲೆಗಳ ಪುಸ್ತಕ

ಮೊಣಕಾಲು ಮುಳುಗುವಷ್ಟು ನೀರಿಗಿಂತ ಮುಂದಕ್ಕೆ ನಾನು ಸಮುದ್ರಕ್ಕೆ ಇಳಿದವಳಲ್ಲ. ಹಾಗಿದ್ದೂ ಸರ್ಫಿಂಗ್ (ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟ) ಕುರಿತ ‘ಬಾರ್ಬೇರಿಯನ್ ಡೇಸ್’ ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ವಿಲಿಯಂ ಫಿನ್ನೆಗನ್ ಅವರ ಈ ಆತ್ಮಕಥನಕ್ಕೆ 2016ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದಿದೆ.

ಮೊದಲ ಸಲ ನಲವತ್ತು ಪುಟಕ್ಕೇ ಕೈಬಿಟ್ಟಿದ್ದೆ, ಪ್ರತಿ ಪದಕ್ಕೂ ಅರ್ಥ ಹುಡುಕಿದ್ದೇ ತಪ್ಪು. ಓದುವವರು ಎರಡು ಸಂಗತಿ ತಿಳಿದುಕೊಂಡರೆ ಸಾಕು. ಆಳ ಕಡಿಮೆಯಾದಾಗ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗಿ ಮುರಿಯುತ್ತದೆ. ಇಡೀ ಅಲೆ ಒಮ್ಮೆಲೇ ದಬಕ್ಕನೆ ಬಿದ್ದರೆ ಸವಾರಿಗೆ ಬಾರದು. ಚಾಪೆ ಸುತ್ತಿದಂತೆ ಒಂದು ತುದಿಯಿಂದ ಇನ್ನೊಂದಕ್ಕೆ ಸುರುಳಿಯಾಗುತ್ತ ಹೋಗಬೇಕು. ಇನ್ನು, ಎಡ ಅಲೆ, ಬಲ ಅಲೆ ಎಂದರೆ ದಡದಲ್ಲಿ ನಿಂತವರ ಎಡಬಲವಲ್ಲ, ದಡದತ್ತ ಮುಖ ಮಾಡಿ ಬರುವ ಸವಾರನದು. ಇದು ಗೊತ್ತಿಲ್ಲದೆ ನಾನು ಎಲ್ಲವನ್ನೂ ತಿರುವುಮುರುವಾಗಿ ಕಲ್ಪಿಸಿಕೊಂಡಿದ್ದೆ.

ಪಕ್ಕದಲ್ಲಿ ಭೂಪಟ ಇರಲಿ. ಹವಾಯಿಯ ಹೊನೊಲುಲುವಿನ ಬಾಲ್ಯದಿಂದ ಕಥೆ ಫಿಜಿಗೆ, ಆಸ್ಟ್ರೇಲಿಯಾಕ್ಕೆ, ವರ್ಣಭೇದ ನೀತಿಯ ಕಾಲದ ಕೇಪ್‌ಟೌನ್‌ಗೆ ಹೋಗುತ್ತದೆ. ಅಲ್ಲಿ ಫಿನ್ನೆಗನ್ ಶಾಲಾ ಶಿಕ್ಷಕ. 1978ರಲ್ಲಿ ಗೆಳೆಯನೊಂದಿಗೆ ಆಗ ನಿರ್ಜನವಾಗಿದ್ದ ಫಿಜಿಯ ದ್ವೀಪ ತವರುವಾದಲ್ಲಿ ಬೀಡುಬಿಟ್ಟು ಅದ್ಭುತವಾದ ಎಡ ಅಲೆಯೊಂದನ್ನು ಸವಾರಿ ಮಾಡುವ ಭಾಗವನ್ನು ಎರಡು ಬಾರಿ ಓದಿದೆ. (ದ್ವೀಪದ ಹೆಸರಿನಲ್ಲೇ ತವರು ಇದೆಯಲ್ಲ ಎಂದು ನಗು ಬಂತು.)

ಬೋರ್ಡಿನ ಅಳತೆಗಳ ವಿವರ ಬಂದಲ್ಲಿ ಧಾರಾಳವಾಗಿ ಪುಟ ಹಾರಿಸಿ. ಮೂಲ್ಕಿಯ ಕಡೆ ಹೋಗುವವರಿದ್ದರೆ ಅಲ್ಲಿನ ಸರ್ಫರುಗಳನ್ನು ಹತ್ತು ನಿಮಿಷ ನೋಡಿ ಬಂದು ಓದಲು ಕುಳಿತುಕೊಳ್ಳಿ.