ಊರ ನಾಟಕ ಬೆಳತನಕ ಲೈವ್: ಮೊದಲು ನೆಟ್, ಆಮೇಲೆ ಸೌಂಡ್, ಕೊನೆಗೆ ಕ್ಯಾಮೆರಾ

ತುಮಕೂರು ಸೀಮೆಯ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಇವತ್ತಿಗೂ ಆ ಕಡೆ ಜಾತ್ರೆ ಬಂತೆಂದರೆ ಪೌರಾಣಿಕ ನಾಟಕದ ಸೀನ್ಸ್ (ಬಣ್ಣದ ಪರದೆಗಳು) ಕಟ್ಟುತ್ತಾರೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯಲ್ಲಿರುವ ಊರ ಹುಡುಗರಿಗೂ ತೋರಿಸೋಣ ಎಂದು ಯೂಟ್ಯೂಬ್ ಲೈವ್ ಮಾಡಲು ಹೊರಡುವ ತಂಡಗಳು ಹಣವನ್ನೆಲ್ಲ ಕ್ಯಾಮೆರಾ ಬಾಡಿಗೆಗೇ ಸುರಿಯುತ್ತವೆ. ಆದರೆ ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ದುರ್ಯೋಧನನ ಪದ್ಯ ನಡುವೆ ತುಂಡಾದರೆ ಯಾರೂ ಕೂರುವುದಿಲ್ಲ.

ಚಾನೆಲ್ ಕೆಲಸವನ್ನು ವಾರ ಮೊದಲೇ ಮುಗಿಸಿ. ಫೋನ್ ನಂಬರ್ ವೆರಿಫೈ ಆಗಿರಬೇಕು. ಲೈವ್ ಸೌಲಭ್ಯ ಮೊದಲ ಸಲ ತೆರೆದುಕೊಳ್ಳಲು 24 ಗಂಟೆ ಹಿಡಿಯಬಹುದು. ಮೊಬೈಲ್ ಆ್ಯಪ್‌ನಿಂದಲೇ ಲೈವ್ ಹೋಗಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು, ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಎಂಬ ಲೈವ್ ಕಳಿಸುವ ತಂತ್ರಾಂಶದಿಂದ ಹೋದರೆ ಈ ಷರತ್ತಿಲ್ಲ.

ಇನ್ನು ನೆಟ್. 720ಪಿ ಚಿತ್ರಕ್ಕೆ 2,500 ಕೆಬಿಪಿಎಸ್, ಧ್ವನಿಗೆ 128 ಕೆಬಿಪಿಎಸ್ ಸಾಕು. ಆದರೆ ಅಪ್‌ಲೋಡ್ ವೇಗ ಅದರ ಎರಡರಷ್ಟು, ಅಂದರೆ ಸುಮಾರು 5 ಎಂಬಿಪಿಎಸ್, ಏರಿಳಿತವಿಲ್ಲದೆ ಸಿಗಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಅಂಕಿ ನೋಡಿ ಸಮಾಧಾನಪಡಬೇಡಿ. ಮಧ್ಯಾಹ್ನ ಖಾಲಿ ಬಯಲಿನಲ್ಲಿ ಚೆನ್ನಾಗಿ ಬಂದ ಸಿಮ್ ನೆಟ್ ರಾತ್ರಿ ಹತ್ತಕ್ಕೆ ಕೈಕೊಡುತ್ತದೆ. ನೆರೆದವರ ಮೊಬೈಲ್‌ಗಳೆಲ್ಲ ಅದೇ ಟವರಿಗೆ ಜೋತುಬಿದ್ದಿರುತ್ತವೆ. ಆದ್ದರಿಂದ ಹತ್ತಿರದ ಮನೆಯದೋ ಶಾಲೆಯದೋ ಫೈಬರ್ ಕನೆಕ್ಷನ್ ಕೇಳಿ, ಅಲ್ಲಿಂದ ಈಥರ್ನೆಟ್ ಕೇಬಲ್ ಎಳೆಯಿರಿ. ಒಂದು ಎಳೆ 100 ಮೀಟರ್ ಮೀರಬಾರದು. ಮೀರಿದರೆ ನಡುವೆ ಒಂದು ಸ್ವಿಚ್ ಇಡಬೇಕು. ಟ್ರ್ಯಾಕ್ಟರ್ ಓಡಾಡುವ ಕಡೆ ಕೇಬಲ್ ಮೇಲೆತ್ತಿ ಕಟ್ಟಿ.

ಸಿಮ್ ಬಿಟ್ಟರೆ ಗತಿಯಿಲ್ಲ ಎನ್ನುವ ಊರಾದರೆ ಡೇಟಾ ಲೆಕ್ಕ ಹಾಕಿ. ಗಂಟೆಗೆ ಸುಮಾರು 1.2 ಜಿಬಿ, ಎಂಟು ಗಂಟೆಗೆ ಒಂಬತ್ತೂವರೆ ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಎರಡು ಗಂಟೆಯೂ ಬಾರದು.

ಒಬಿಎಸ್‌ನಲ್ಲಿ ರೇಟ್ ಕಂಟ್ರೋಲ್ ಸಿಬಿಆರ್ (ಡೇಟಾ ಒಂದೇ ಸಮನೆ ಹೋಗುವ ಬಗೆ), ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್ ಇಡಿ. ಅಡ್ವಾನ್ಸ್ಡ್ ವಿಭಾಗದಲ್ಲಿ ನೆಟ್ ಸೊರಗಿದರೆ ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ತಾನೇ ಹೊಂದಿಕೊಳ್ಳುವ ಆಯ್ಕೆ ಆನ್ ಮಾಡಿ. ಆಗ ಚಿತ್ರ ಮಸುಕಾಗುತ್ತದೆ, ಲೈವ್ ನಿಲ್ಲುವುದಿಲ್ಲ. ಯೂಟ್ಯೂಬ್‌ನಲ್ಲಿ ಲೇಟೆನ್ಸಿ (ನೋಡುಗರಿಗೆ ತಲುಪುವ ತಡ) ನಾರ್ಮಲ್ ಇರಲಿ. ರೆಕಾರ್ಡಿಂಗ್ ಕೂಡ ಜೊತೆಯಲ್ಲೇ ನಡೆಯಲಿ, ಅದೂ ಎಂಕೆವಿ ಮಾದರಿಯ ಫೈಲಿನಲ್ಲಿ. ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಫೈಲ್ ಪೂರ್ತಿ ಕೆಡಬಹುದು, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ.

ಹೆಚ್ಚು ತಂಡಗಳು ಸೋಲುವುದು ಧ್ವನಿಯಲ್ಲಿ. ಸೌಂಡ್ ಸಿಸ್ಟಂನವರ ಮಿಕ್ಸರ್‌ನಿಂದ ಸ್ಪೀಕರಿಗೆ ಹೋಗುವ ಮೇನ್ ಔಟ್ ತೆಗೆದುಕೊಂಡರೆ ಹಾರ್ಮೋನಿಯಂ, ತಬಲ ಲೈವ್‌ನಲ್ಲಿ ಕೇಳಿಸುವುದೇ ಇಲ್ಲ. ಬಯಲಲ್ಲಿ ಅವು ನೇರವಾಗಿಯೇ ಕೇಳುವುದರಿಂದ ಮೇನ್‌ನಲ್ಲಿ ಕಡಿಮೆ ಇಟ್ಟಿರುತ್ತಾರೆ. ಮೇನ್‌ನಿಂದ ಬೇರೆಯಾದ ಆಕ್ಸ್ ಸೆಂಡ್ ಕೇಳಿ, ಮೇನ್ ಹೆಚ್ಚುಕಡಿಮೆ ಮಾಡಿದರೂ ಬದಲಾಗದಂತೆ ಅದನ್ನು ಪ್ರೀ-ಫೇಡರ್ ಮಾಡಿಸಿ, ಪಾತ್ರಧಾರಿಗಳ ಮೈಕು, ಹಾರ್ಮೋನಿಯಂ, ತಬಲ ಮೂರನ್ನೂ ಅಲ್ಲಿ ಬೇರೆಯಾಗಿ ಹದ ಮಾಡಿ. ಆ ವೈರನ್ನು ಮೊಬೈಲ್ ಅಥವಾ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಮಿಕ್ಸರ್‌ನಿಂದ ಬರುವ ಲೈನ್ ಮಟ್ಟದ (ಮೈಕಿಗಿಂತ ಜೋರಾದ) ಸಿಗ್ನಲ್ ಅದಕ್ಕೆ ಹೆಚ್ಚಾಗಿ ಧ್ವನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಬಳಸಿ. ಭೀಮ ಅಬ್ಬರಿಸಿದಾಗಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. ‘ಒನ್ಸ್ ಮೋರ್’ ಕೂಗು, ಶಿಳ್ಳೆ ಕೇಳಲು ಜನರ ಕಡೆಗೊಂದು ಮೈಕ್ ಇಡಿ. ಅದಿಲ್ಲದ ಲೈವ್ ಬರೀ ಬಣಬಣ.

ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆಯ ಅರ್ತ್ ಸುತ್ತುಹಾಕಿ ಬರುವ ಸದ್ದು. ಮಿಕ್ಸರ್‌ಗೂ ಚಾರ್ಜರ್‌ಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಆಗಲೂ ನಿಲ್ಲದಿದ್ದರೆ ಆಡಿಯೊ ವೈರಿಗೆ ಆ ಸುತ್ತನ್ನು ಕಡಿಯುವ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯ ಜೀವಕ್ಕೇ ಅಪಾಯ. ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕ್ಯಾಪ್ಚರ್ ಕಾರ್ಡ್ ಮೂಲಕ ಚಿತ್ರ ತುಸು ತಡವಾಗಿ ಬರುವುದರಿಂದ ತುಟಿಗೂ ಮಾತಿಗೂ ಹೊಂದುವುದಿಲ್ಲ. ಕ್ಯಾಮೆರಾ ಮುಂದೆ, ವೇದಿಕೆಯ ಮೈಕಿನ ಹತ್ತಿರ ಚಪ್ಪಾಳೆ ತಟ್ಟಿ, ರೆಕಾರ್ಡ್ ನೋಡಿ, ಚಿತ್ರ ಎಷ್ಟು ತಡವೋ ಅಷ್ಟು ಮಿಲಿಸೆಕೆಂಡನ್ನು ಒಬಿಎಸ್‌ನಲ್ಲಿ ಧ್ವನಿಯನ್ನು ತಡಮಾಡುವ ಸಿಂಕ್ ಆಫ್‌ಸೆಟ್‌ನಲ್ಲಿ ತುಂಬಿ.

ಕ್ಯಾಮೆರಾ ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ 1/60 ಇಟ್ಟರೆ ದೀಪಗಳು ಮಿನುಗುತ್ತವೆ. ಎಕ್ಸ್‌ಪೋಷರನ್ನು ಪಾತ್ರದ ಮುಖಕ್ಕೆ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಕಿರೀಟದ ಮಿಂಚಿಗೆ ಮುಖ ಕಪ್ಪಾಗುತ್ತದೆ.

ಜನರೇಟರ್‌ಗೆ ಬದಲಾಯಿಸುವ ಆ ಕ್ಷಣದಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ, ರೂಟರ್ ಆರಿಹೋಗಿ ಮತ್ತೆ ಏಳಲು ನಿಮಿಷಗಳೇ ಬೇಕು. ರೂಟರ್‌ಗೆ, ನಡುವಿನ ಸ್ವಿಚ್‌ಗೆ ಮಿನಿ ಯುಪಿಎಸ್ ಕೊಡಿ. ಅಡಾಪ್ಟರ್ ಮೇಲಿನ ವೋಲ್ಟ್ ನೋಡಿಯೇ ತನ್ನಿ.

ನಾಟಕಕ್ಕೆ ಮುಂಚೆ ಹಾಕುವ ಸಿನಿಮಾ ಹಾಡು, ನಡುವಿನ ರೆಕಾರ್ಡ್ ಡ್ಯಾನ್ಸ್ ಕಾಪಿರೈಟ್‌ಗೆ ಸಿಕ್ಕಿ ಲೈವ್ ನಿಲ್ಲಿಸಬಹುದು. ಆ ಹೊತ್ತಿಗೆ ಊರ ಹೆಸರಿನ ಫಲಕ ತೋರಿಸಿ, ಧ್ವನಿ ಮ್ಯೂಟ್ ಮಾಡಿ.

ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಅಡ್ವಾನ್ಸ್ ಕೊಡುವಾಗಲೇ ಲೈವ್ ವಿಷಯ ತಿಳಿಸಿ, ವಿಡಿಯೊ ಚಾನೆಲ್‌ನಲ್ಲಿ ಉಳಿಯಬಹುದೇ ಎಂದು ಕೇಳಿ ಒಪ್ಪಿಗೆ ಪಡೆಯಿರಿ. ಮುಖ ಮತ್ತು ದನಿಯೇ ಅವರ ಜೀವನ. ವಿಡಿಯೊದಿಂದ ದುಡ್ಡು ಬಂದರೆ ಅವರಿಗೆಷ್ಟು ಎಂಬುದೂ ಆಗಲೇ ತೀರ್ಮಾನವಾಗಲಿ. ಬಣ್ಣ ಹಚ್ಚುವ ಕಡೆ ಕ್ಯಾಮೆರಾ ಹೋಗಲೇಬಾರದು.

ಮಂಗಳ ಹಾಡಿದ ಕೂಡಲೇ ಲೈವ್ ನಿಲ್ಲಿಸಬೇಡಿ. ನೋಡುಗರಿಗೆ ಅದು ಹಲವು ಸೆಕೆಂಡು ತಡವಾಗಿ ತಲುಪುತ್ತಿರುತ್ತದೆ. ಒಂದು ನಿಮಿಷ ವೇದಿಕೆಯನ್ನೇ ತೋರಿಸುತ್ತಿದ್ದು ನಿಲ್ಲಿಸಿ. ಆಮೇಲೆ ಒಬಿಎಸ್‌ನ ರೀಮಕ್ಸ್‌ನಲ್ಲಿ ಎಂಕೆವಿಯನ್ನು ಎಂಪಿ4 ಮಾಡಿ ಪೆನ್‌ಡ್ರೈವ್‌ಗೆ ಹಾಕಿ. 4 ಜಿಬಿ ದಾಟಿದ ಫೈಲನ್ನು ಫ್ಯಾಟ್32 ಪೆನ್‌ಡ್ರೈವ್ ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿರಬೇಕು.