ಮಾಳಿಗೆಗೆ ಮಣ್ಣು ಹಾಕೋ ಮೊದಲು ಮಣ್ಣು ಇಳಿಸಿ

ನಮ್ಮದು ಮುಧೋಳದ ಹತ್ತಿರದ ಹಳ್ಳಿ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಅಂದ್ರೆ ಮಣ್ಣಿನ ಚಪ್ಪಟೆ ಚಾವಣಿಯ ಮನೆ. ಕಲ್ಲು ಮಣ್ಣಿನ ಗೋಡೆ, ಸಾಗವಾನಿ ತೊಲೆ, ತೊಲೆ ಮೇಲೆ ಬೇವಿನ ಜಂತಿ, ಅದರ ಮೇಲೆ ಹಲಗೆ, ಹಲಗೆ ಮೇಲೆ ಮಣ್ಣು. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಪಡಸಾಲೆಯಲ್ಲಿ ಮಧ್ಯಾಹ್ನ ಹಾಯಾಗಿ ನಿದ್ದೆ ಬರುತ್ತೆ. ಕೆಡವಿ ಸ್ಲ್ಯಾಬ್ ಹಾಕಿಸು ಅಂತ ಎಲ್ಲರೂ ಹೇಳ್ತಾರೆ, ನನಗೆ ಮನಸ್ಸಿಲ್ಲ.

ರೋಹಿಣಿ ಮಳೆ ಬರೋ ಮೊದಲು ಮಾಳಿಗೆಗೆ ಸವಳು ಮಣ್ಣು (ಉಪ್ಪು, ಕ್ಷಾರ ಜಾಸ್ತಿ ಇರೋ ಮಣ್ಣು) ಹಾಕೋದು ನಮ್ಮ ಕಡೆ ಪದ್ಧತಿ. ಅಪ್ಪ ಒಂದು ವರ್ಷವೂ ತಪ್ಪಿಸಲಿಲ್ಲ. ಅವರ ನಂತರ ನಾನೂ ಹಾಗೇ ಮಾಡಿದೆ. ಸೋರಿದರೆ ಇನ್ನಷ್ಟು ಮಣ್ಣು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂತು, ಜಡಿಮಳೆ ಬಿಡಲೇ ಇಲ್ಲ, ನಮ್ಮ ಭಾಗದಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ನಮ್ಮದು ಉಳೀತು. ಆದರೆ ಆ ಹೆದರಿಕೆ ಮನಸ್ಸಲ್ಲಿ ಕೂತುಬಿಟ್ಟಿತು, ಮುಂದಿನ ವರ್ಷಗಳಲ್ಲಿ ಇನ್ನೂ ಜಾಸ್ತಿ ಮಣ್ಣು ಹಾಕಿಸಿದೆ. ತಪ್ಪಿದ್ದು ಅಲ್ಲೇ.

2023ರ ಬೇಸಿಗೆಯಲ್ಲಿ ಪಡಸಾಲೆಯ ನಡುವಿನ ತೊಲೆ ಯಾಕೋ ಬಾಗಿದ ಹಾಗೆ ಕಾಣಿಸಿತು. ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿ ನೋಡಿದೆ. ನಡುವೆ ಎರಡು ಬೆರಳು ಕೆಳಗೆ ಬಂದಿತ್ತು. ಬಡಿಗೇರ ಕಾಕಾನನ್ನು ಕರೆದೆ. ಅವರು ತೊಲೆಗೆ ಅಲ್ಲಲ್ಲಿ ದಬ್ಬಣ ಚುಚ್ಚಿದರು, ಗೋಡೆಯೊಳಗೆ ಹೋಗೋ ತುದಿಗೆ ಜಾಸ್ತಿ ಚುಚ್ಚಿದರು, ಯಾಕಂದ್ರೆ ಮರ ಮೊದಲು ಕೊಳೆಯೋದು ಅಲ್ಲೇ. ದಬ್ಬಣ ಒಳಗಿಳಿಯಲಿಲ್ಲ. ಒರಲಿಯೂ (ಗೆದ್ದಲು) ಹತ್ತಿರಲಿಲ್ಲ. ಆಮೇಲೆ ಮೇಲೆ ಹೋಗಿ ಒಂದು ಕುಣಿ ತೋಡಿದರು. ಹಲಗೆ ಸಿಗೋ ಹೊತ್ತಿಗೆ ಹದಿನಾರು ಇಂಚು!

“ತಮ್ಮಾ, ತೊಲಿ ಕೆಟ್ಟಿಲ್ಲ. ನೀವೆಲ್ಲಾ ಕೂಡಿ ಭಾರ ಹೇರೀರಿ. ಮೊದಲ ಮಣ್ಣ ಇಳಸು” ಅಂದರು.

ಆ ಕುಣಿಯ ಅಂಚಿನಲ್ಲಿ ಒಂದೊಂದು ವರ್ಷದ ಪದರವೂ ಬೇರೆಬೇರೆಯಾಗಿ ಕಾಣ್ತಿತ್ತು. ಐದು ಇಂಚು ಆಳದಲ್ಲಿ ನೀಲಿ ತಾಡಪತ್ರಿಯ ಚೂರೊಂದು ಸಿಕ್ಕಿತು. 2019ರ ಮಳೆಯಲ್ಲಿ ನಾನೇ ಹೊದಿಸಿದ್ದು. ಅಂದರೆ ನಾಲ್ಕೇ ವರ್ಷದಲ್ಲಿ ಐದು ಇಂಚು ಏರಿಸಿದ್ದೆ. ಲೆಕ್ಕ ಹಾಕಿ ನೋಡಿ. ನಮ್ಮ ಪಡಸಾಲೆ 12 ಅಡಿ ಅಗಲ, 20 ಅಡಿ ಉದ್ದ. ಅಷ್ಟು ಜಾಗಕ್ಕೆ ಒಂದು ಇಂಚು ಮಣ್ಣು ಅಂದ್ರೆ ಒಣಗಿದ್ದಾಗಲೇ ಒಂಬತ್ತು ಕ್ವಿಂಟಲ್ ಹತ್ತಿರ ಬರುತ್ತೆ. ನೆನೆದರೆ ಇನ್ನೂ ಜಾಸ್ತಿ.

ಮಣ್ಣು ಪೂರ್ತಿ ಒಣಗಿರುವಾಗಲೇ ಇಳಿಸಬೇಕು. ನಾವು ಅಡ್ಡಮಳೆ ಶುರುವಾಗೋ ಮುಂಚೆ ಮುಗಿಸಿದೆವು. ಮೊದಲು ಬಾಗಿದ ತೊಲೆ ಕೆಳಗೆ ಪರಸಿ ಕಲ್ಲು (ಹಾಸುಗಲ್ಲು) ಇಟ್ಟು ಅದರ ಮೇಲೆ ಒಂದು ಕಂಬ ನಿಲ್ಲಿಸಿದೆವು. ತೊಲೆಯನ್ನು ಮೇಲೆತ್ತೋಕೆ ಹೋಗಲಿಲ್ಲ, ಎತ್ತಿದರೆ ಗೋಡೆ ಬಿರುಕು ಬಿಡುತ್ತೆ ಅಂತ ಕಾಕಾ ಬಿಡಲಿಲ್ಲ, ಸುಮ್ನೆ ಆಸರೆ ಕೊಟ್ಟೆವು. ಒಂದೇ ಕಡೆ ಅಗೆಯದೆ ಎಲ್ಲ ಕಡೆ ಸಮನಾಗಿ ಎರಡೆರಡು ಇಂಚು ತೆಗೆದೆವು. ತೆಗೆದ ಮಣ್ಣನ್ನು ಮಾಳಿಗೆ ಮೇಲೆ ಗುಡ್ಡೆ ಹಾಕದೆ ಆಗಿಂದಾಗಲೇ ಬುಟ್ಟಿಯಲ್ಲಿ ಕೆಳಗಿಳಿಸಿದೆವು. ಒಂಬತ್ತು ಇಂಚು ತೆಗೆದು ಏಳು ಇಂಚು ಉಳಿಸಿಕೊಂಡೆವು. ಎರಡು ಬ್ರಾಸ್ (ಒಂದು ಬ್ರಾಸ್ ಅಂದ್ರೆ ನೂರು ಘನ ಅಡಿ) ಹತ್ತಿರ ಮಣ್ಣು ಹೋಯಿತು. ಅದನ್ನು ದಯವಿಟ್ಟು ಹೊಲಕ್ಕೆ ಹಾಕಬೇಡಿ, ಹೊಲ ಕೆಡುತ್ತೆ.

ಹೊಸ ಮೇಲ್ಪದರಕ್ಕೆ ಒಂದೇ ಇಂಚು ಸವಳು ಮಣ್ಣು ಸಾಕಾಯಿತು. ಬರೀ ಎರೆಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮೊದಲ ಮಳೆ ನೇರ ಒಳಗೆ ಬರುತ್ತೆ. ಸವಳು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ದಾರಿ ಮುಚ್ಚುತ್ತವೆ. ಹುಲ್ಲೂ ಸುಲಭಕ್ಕೆ ಬೇರು ಬಿಡಲ್ಲ. ಮಣ್ಣು ತರೋ ಮೊದಲು ಗಾಜಿನ ಲೋಟದಲ್ಲಿ ನೋಡಿ: ತಿಳಿನೀರಿಗೆ ಕಡಲೆಕಾಳಿನಷ್ಟು ಒಣ ಹೆಂಟೆ ಬಿಡಿ, ಅಲ್ಲಾಡಿಸಬೇಡಿ. ಸ್ವಲ್ಪ ಹೊತ್ತಿಗೆ ಹೆಂಟೆ ಸುತ್ತ ಹಾಲು ಕದಡಿದ ಹಾಗೆ ಮೋಡ ಎದ್ದರೆ ಅದು ಸರಿಯಾದ ಮಣ್ಣು. ಬರೀ ಪುಡಿಯಾಗಿ ತಳಕ್ಕೆ ಬಿದ್ದು ನೀರು ತಿಳಿಯಾಗೇ ಇದ್ದರೆ ಬೇಡ. ನಾನು ಮೂರು ಕಡೆಯ ಮಣ್ಣು ನೋಡಿದೆ, ಹಳ್ಳದ ದಂಡೆಯ ಜವಳು (ನೀರು ನಿಲ್ಲೋ) ಹೊಲದ್ದು ಒಂದೇ ಪಾಸಾಯಿತು.

ಮಣ್ಣು ಹರವಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದೆವು. ಹತ್ತು ಅಡಿಗೆ ಎರಡು ಇಂಚು ಇಳಿಜಾರು. ಇದಕ್ಕಿಂತ ಜಾಸ್ತಿ ಕೊಟ್ಟರೆ ಮಣ್ಣೇ ಕೊಚ್ಚಿಹೋಗುತ್ತೆ. ನೀರು ಹೊರಗೆ ಬೀಳೋ ದೋಣಿಯ ಬಾಯಿಗೆ ಒಂದು ಪರಸಿ ಕೂರಿಸಿ.

ಹುಳ ಹತ್ತದಿರಲಿ ಅಂತ ಒಳಗಿನ ಜಂತಿ, ಹಲಗೆಗೆ ಗೇರೆಣ್ಣೆ ಹಚ್ಚಿದೆವು. ಕೈಗೆ ಗವಸು ಬೇಕೇ ಬೇಕು, ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತೆ.

ಸೋರಿಕೆ ಹುಡುಕೋದರಲ್ಲೂ ನಾನು ಇಷ್ಟು ದಿನ ಎಡವುತ್ತಿದ್ದೆ. ಹನಿ ಬೀಳೋ ಜಾಗದ ಮೇಲೆ ತೂತು ಇರುತ್ತೆ ಅಂದುಕೊಂಡು ಅಲ್ಲಿಗೇ ಬುಟ್ಟಿಗಟ್ಟಲೆ ಮಣ್ಣು ಸುರೀತಿದ್ದೆ. ನೀರು ಜಂತಿ ಹಿಡಿದು ಹರಿದು ಎಲ್ಲೋ ಬೀಳುತ್ತೆ. ಈಗ ಮಳೆ ಇರುವಾಗಲೇ ಬ್ಯಾಟರಿ ಬೆಳಕಲ್ಲಿ ಒದ್ದೆ ಗುರುತು ಹಿಡಿದು ಹಿಂದೆ ಹೋಗ್ತೀನಿ, ಅದು ಶುರುವಾದ ಕಡೆ ಸೀಮೆಸುಣ್ಣದಿಂದ ಗೀಟು ಹಾಕಿ, ಎರಡೂ ಗೋಡೆಯಿಂದ ಟೇಪು ಹಿಡಿದು ಬರೆದಿಡ್ತೀನಿ. ಮೇಲೆ ಹತ್ತೋದು ಮಣ್ಣು ಆರಿದ ಮೇಲೆ. ಒದ್ದೆ ಮಾಳಿಗೆ ತುಳಿದರೆ ಹೆಜ್ಜೆಹೆಜ್ಜೆಗೂ ನೀರು ನಿಲ್ಲುತ್ತೆ. ಹೋದ ವರ್ಷ ಹುಬ್ಬಿ ಮಳೆಯಲ್ಲಿ ಹೀಗೆ ಹುಡುಕಿದಾಗ ಸಿಕ್ಕಿದ್ದು ಕುಂಬಿ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಬುಡದಲ್ಲಿ ಒಂದು ಇಲಿ ಬಿಲ. ಅರ್ಧ ಬುಟ್ಟಿ ಮಣ್ಣಿಗೆ ಕೆಲಸ ಮುಗೀತು.

ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಸೋದು, ಮೇಲೆ ಸಿಮೆಂಟ್ ಬಳಿಯೋದು, ಎರಡೂ ನನಗೆ ಸರಿ ಅನ್ನಿಸಲ್ಲ. ಅಡುಗೆಮನೆ ಹಬೆ ಮೇಲೆ ಹೋಗೋಕೆ ದಾರಿ ಬೇಕು, ಅಲ್ವಾ? ಸಿಮೆಂಟಂತೂ ಕೂದಲೆಳೆ ಬಿರುಕು ಬಿಟ್ಟರೆ ಸಾಕು, ಒಳಗೆ ಹೋದ ನೀರು ಬೇಗ ಆರಲ್ಲ, ಹಲಗೆ ಕೊಳೆಯೋದು ನಮಗೆ ಗೊತ್ತೇ ಆಗಲ್ಲ.

ಬಾಗಿದ ತೊಲೆ ಪೂರ್ತಿ ನೇರ ಆಗಲಿಲ್ಲ. ಆದರೆ ಪ್ರತಿ ಬಸವ ಜಯಂತಿಗೆ ದಾರ ಕಟ್ಟಿ ನೋಡ್ತೀನಿ, ಮತ್ತೆ ಬಾಗಿಲ್ಲ. ಮಾಳಿಗೆ ಮೂಲೆಯಲ್ಲಿ ಹಲಗೆಗೆ ತಾಗೋ ಹಾಗೆ ಒಂದು ಕಬ್ಬಿಣದ ಸರಳು ನಿಲ್ಲಿಸಿ, ಎಂಟು ಇಂಚಿಗೆ ಕೆಂಪು ಬಣ್ಣ ಹಚ್ಚಿದ್ದೀನಿ. ಬಣ್ಣ ಮುಚ್ಚಿದರೆ ಆ ವರ್ಷ ಮೊದಲು ಕೆರೆದು ತೆಗೆಯೋದು, ಆಮೇಲೆ ಹಾಕೋದು. ಅಡುಗೆಮನೆಯ ಒಂದು ಜಂತಿಯ ತುದಿಗೆ ಮಾತ್ರ ಈ ಸಲ ದಬ್ಬಣ ಅರ್ಧ ಇಂಚು ಇಳೀತು. ದೀಪಾವಳಿ ಆದಮೇಲೆ ಅದನ್ನು ಬದಲಿಸಬೇಕು, ಬೇವಿನ ಮರ ಕೊಯ್ಸಿ ಆರೋಕೆ ಇಟ್ಟಿದ್ದೀನಿ.