ಕಾಡಿನಲ್ಲಿ ಜನರನ್ನು ಹಂಚಬೇಡಿ, ಕೂಡಿಸಿ

ಸಂರಕ್ಷಿತ ಅರಣ್ಯ ಉದ್ಯಾನವೊಂದರ ಕಾಲುದಾರಿಗಳ ಹೊಣೆ ನನ್ನದು. ಬರುವವರು ಹೆಚ್ಚಾದಾಗಲೆಲ್ಲ ಒಂದೇ ಸಲಹೆ ಕೇಳಿಬರುತ್ತದೆ: ಇನ್ನಷ್ಟು ದಾರಿ ತೆರೆಯಿರಿ, ಜನ ಹಂಚಿಹೋಗಲಿ, ಒಂದೇ ಕಡೆ ಒತ್ತಡ ಬೇಡ. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ದಾರಿಗಳನ್ನು ಕಡಿಮೆ ಮಾಡಿದೆ, ಉಳಿದವನ್ನು ಗಟ್ಟಿ ಮಾಡಿದೆ.

ನೆಲಕ್ಕಾಗುವ ಹಾನಿಯ ಬಹುಪಾಲು ಮೊದಮೊದಲ ತುಳಿತದಲ್ಲೇ ಆಗಿಬಿಡುತ್ತದೆ. ಯಾರೂ ಕಾಲಿಡದ ಜಾಗದಲ್ಲಿ ಕೆಲವೇ ಜನ ಹಾದುಹೋದರೂ ಎಳೆಯ ಸಸಿಗಳು ನೆಲಕಚ್ಚುತ್ತವೆ, ತರಗೆಲೆಯ ಹೊದಿಕೆ ಚದುರುತ್ತದೆ, ಮಣ್ಣು ಬಿಗಿದು ನೀರು ಇಂಗದಾಗುತ್ತದೆ. ಆಗಲೇ ಬಿಗಿದಿರುವ ದಾರಿಯಲ್ಲಿ ಜನ ಇಮ್ಮಡಿಯಾದರೂ ಹಾನಿ ಇಮ್ಮಡಿಯಾಗುವುದಿಲ್ಲ. ಹಂಚುವುದೆಂದರೆ ಹಾನಿಯನ್ನು ಕಾಡಿನ ಉದ್ದಗಲಕ್ಕೂ ಬಿತ್ತುವುದೇ ಸರಿ.

ಜನ ದಾರಿ ಬಿಟ್ಟು ನಡೆಯುವುದಕ್ಕೆ ಮೊಂಡುತನ ಕಾರಣವಲ್ಲ, ಹೆಚ್ಚಿನ ಸಲ ಕೆಸರು ಕಾರಣ. ನೀರು ನಿಂತ ಕಡೆ ಬದಿಗೆ ಸರಿಯುತ್ತಾರೆ, ದಾರಿ ಅಗಲವಾಗುತ್ತಾ ಹೋಗುತ್ತದೆ. ಹೀಗಾಗಿ ನನ್ನ ಕೆಲಸದ ದೊಡ್ಡ ಪಾಲು ನೀರಿನ ಜೊತೆಗೇ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರದಂತೆ ನೋಡಿಕೊಳ್ಳುತ್ತೇನೆ; ಮೀರಿದರೆ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ದಾರಿಯ ಹೊರ ಅಂಚನ್ನು ತುಸು ತಗ್ಗಿಸಿ, ಅಲ್ಲಲ್ಲಿ ಸಣ್ಣ ತಗ್ಗು ಕೊಟ್ಟರೆ ನೀರು ಅಡ್ಡಲಾಗಿ ದಾಟಿಹೋಗುತ್ತದೆ. ಜನ ತುಳಿದು ಮಾಡಿಕೊಂಡ ಅಡ್ಡದಾರಿಗಳನ್ನು ಮುಚ್ಚಲು ಫಲಕ ನೆಡುವುದಿಲ್ಲ. ಬಿದ್ದ ಕೊಂಬೆ, ತರಗೆಲೆಗಳನ್ನು ಕಣ್ಣಿಗೆ ಕಾಣುವಷ್ಟು ದೂರ ಹರಡಿ, ಅಲ್ಲೊಂದು ದಾರಿಯಿತ್ತೆಂಬುದೇ ತಿಳಿಯದಂತೆ ಮಾಡುತ್ತೇನೆ. ಇದು ಫಲಕಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಒಣಮರಗಳ ವಿಷಯದಲ್ಲಿ ನಾನು ಹಟಮಾರಿ. ಬೆಂಚಿನ ಮೇಲೆ ಬಾಗಿದ ಹಳೆಯ ಮರವನ್ನು ಕಡಿಯಿರಿ ಎಂದರೆ ಬೆಂಚನ್ನೇ ಎತ್ತಿ ಬೇರೆಡೆ ಇಡಿಸುತ್ತೇನೆ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ, ಕೊಳೆತ ದಿಮ್ಮಿಯಲ್ಲಿ ಬದುಕುವ ಹುಳುವಿಗೆ, ಅಣಬೆಗೆ ಆ ಮರ ಬೇಕು. ಬೆಂಚಿಗೆ ಜಾಗ ಎಲ್ಲಿಯೂ ಸಿಗುತ್ತದೆ. ದಾರಿಯನ್ನು ಸರಿಸಲಾಗದ ಕಡೆ ಮಾತ್ರ ಮರ ಕಡಿಸುತ್ತೇನೆ, ದಿಮ್ಮಿಯನ್ನು ಅಲ್ಲಿಯೇ ಬಿಡುತ್ತೇನೆ.

ಗೂಡು ಕಟ್ಟುವ ಕಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚುತ್ತೇವೆ. ಮುಚ್ಚಿದ್ದು ಏಕೆ, ತೆರೆಯುವುದು ಯಾವಾಗ ಎಂದು ಬರೆದರೆ ಹೆಚ್ಚಿನವರು ಒಪ್ಪುತ್ತಾರೆ. ನಾಯಿಗಳಿಗೆ ಹಗ್ಗ ಕಡ್ಡಾಯ.

ಒಟ್ಟು ಎಷ್ಟು ಜನರನ್ನು ಬಿಡಬಹುದು ಎಂಬುದಕ್ಕೆ ಮಾಂತ್ರಿಕ ಸಂಖ್ಯೆಯಿಲ್ಲ. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿದರು: ಎಷ್ಟು ಜನ ಎನ್ನುವುದಲ್ಲ, ಎಷ್ಟು ಬದಲಾವಣೆಯನ್ನು ಒಪ್ಪಬಹುದು? ನಾನು ಅದನ್ನೇ ಅನುಸರಿಸುತ್ತೇನೆ. ಗೊತ್ತುಮಾಡಿದ ಜಾಗಗಳಲ್ಲಿ ದಾರಿಯ ಅಗಲ, ಹೊರಬಿದ್ದ ಬೇರು, ಹೊಸ ಅಡ್ಡದಾರಿಗಳನ್ನು ಅಳೆದು ಬರೆದಿಡುತ್ತೇನೆ. ಮಿತಿ ದಾಟಿದರೆ ಮೊದಲು ದಾರಿ ರಿಪೇರಿ. ಅದೂ ಸಾಲದಿದ್ದರೆ ಆ ಬದಿಯ ವಾಹನ ನಿಲುಗಡೆಯ ಜಾಗವನ್ನೇ ಕಡಿಮೆ ಮಾಡಿಸುತ್ತೇನೆ. ಅದಕ್ಕೆ ಜನ ಸಿಟ್ಟಾಗುತ್ತಾರೆ. ಆಗ ಅಳತೆಯ ಪುಸ್ತಕವನ್ನು ಅವರ ಮುಂದೆ ತೆರೆದಿಟ್ಟು ಮಾತಿಗೆ ಕೂರುತ್ತೇನೆ.